ನೀರು ನಿಲ್ಲುವ ಜಾಗ: ಹಳೆಯ ಪಿಕಪ್ ಗಾಡಿಯ ತುಕ್ಕು ಬಿಡಿಸುವವರಿಗೆ ಮೊದಲ ಪಾಠ

ತೋಟದ ಮನೆಯ ಶೆಡ್ಡಿನಲ್ಲಿ ವರ್ಷಗಳಿಂದ ನಿಂತಿರುವ ಹಳೆಯ ಪಿಕಪ್ ಗಾಡಿಯೊಂದನ್ನು ನೀವೇ ಸರಿಪಡಿಸಬೇಕೆಂದು ಹೊರಟಿದ್ದೀರಿ ಎಂದುಕೊಳ್ಳೋಣ. ನಿಮಗೆ ವೆಲ್ಡಿಂಗ್ ಬಾರದು, ಸ್ಪಾನರ್ ಹಿಡಿದ ಅಭ್ಯಾಸವೂ ಅಷ್ಟಕ್ಕಷ್ಟೆ. ಅದೇನೂ ಅಡ್ಡಿಯಲ್ಲ, ಎರಡನ್ನೂ ಕಲಿಯಬಹುದು. ಆದರೆ ಒಂದು ಮಾತನ್ನು ಮೊದಲೇ ಒಪ್ಪಿಕೊಳ್ಳಿ: ಬಣ್ಣದ ಯೋಚನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನನ್ನ ಬಳಿ ಕಲಿಯಲು ಬಂದವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಯಾವ ಬಣ್ಣ ಹೊಡೆಯೋಣ ಎಂದು. ಕೇಳಬೇಕಾದ ಮೊದಲ ಪ್ರಶ್ನೆ ಬೇರೆ ಇದೆ. ಈ ಗಾಡಿಯಲ್ಲಿ ನೀರು ಎಲ್ಲೆಲ್ಲಿ ನಿಲ್ಲುತ್ತದೆ? ಇದಕ್ಕೆ ಉತ್ತರ ಹುಡುಕುವುದನ್ನು ಕಲಿತರೆ ಉಳಿದ ಕೆಲಸ ಒಂದರ ಹಿಂದೆ ಒಂದರಂತೆ ತಾನೇ ತೆರೆದುಕೊಳ್ಳುತ್ತದೆ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದು ಗಾಡಿಯನ್ನು ಎದುರಿಗೆ ಇಟ್ಟುಕೊಳ್ಳೋಣ. ಟಾಟಾಮೊಬೈಲ್ 206. ಆಗ ಟೆಲ್ಕೊ ಎಂದು ಕರೆಯುತ್ತಿದ್ದ ಇಂದಿನ ಟಾಟಾ ಮೋಟರ್ಸ್ ಕಂಪನಿ 1988ರಲ್ಲಿ ಹೊರತಂದ ಡೀಸೆಲ್ ಪಿಕಪ್ ಇದು. 1991ರ ಸಿಯೆರಾ, 1992ರ ಎಸ್ಟೇಟ್ ಕಾರುಗಳನ್ನು ಕಟ್ಟಿದ್ದು ಇದರದೇ ತಳಹದಿಯ ಮೇಲೆ. ಕಾಫಿ ತೋಟ, ಎಪಿಎಂಸಿ ಯಾರ್ಡು, ಹಾಲಿನ ಡೇರಿ, ಮೀನಿನ ಬಂದರು, ಹೀಗೆ ದುಡಿದ ಗಾಡಿಗಳ ಜಾತಿಗೆ ಸೇರಿದ್ದು. ನಿಮ್ಮ ಬಳಿ ಇರುವುದು ಟಾಟಾ 207 ಆಗಿರಬಹುದು, ಮಹೀಂದ್ರದ ಹಳೆಯ ಜೀಪ್ ಪಿಕಪ್ ಆಗಿರಬಹುದು. ತುಕ್ಕಿನ ಪಾಠ ಎಲ್ಲಕ್ಕೂ ಒಂದೇ.

ಈ ಗಾಡಿಗಳ ಮೈಕಟ್ಟನ್ನು ಮೊದಲು ಅರ್ಥ ಮಾಡಿಕೊಳ್ಳಿ. ಕೆಳಗೆ ಉದ್ದಕ್ಕೆ ಎರಡು ದಪ್ಪ ಉಕ್ಕಿನ ತೊಲೆಗಳು, ಅವುಗಳ ನಡುವೆ ಅಡ್ಡಡ್ಡ ಬಿಗಿದ ಕೆಲವು ತುಂಡುಗಳು. ಏಣಿಯನ್ನು ಮಲಗಿಸಿದಂತೆ ಕಾಣುವ ಈ ಚೌಕಟ್ಟಿಗೆ ಚಾಸಿಸ್ ಎಂದು ಹೆಸರು. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಆ್ಯಕ್ಸಲ್, ಕಮಾನಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಲೀಫ್ ಸ್ಪ್ರಿಂಗ್, ಎಲ್ಲವೂ ಇದಕ್ಕೇ ಅಂಟಿಕೊಂಡಿರುತ್ತವೆ. ಚಾಲಕ ಕೂರುವ ಕ್ಯಾಬಿನ್ ಮತ್ತು ಸಾಮಾನು ತುಂಬುವ ಲೋಡ್ ಬಾಡಿ ಇದರ ಮೇಲೆ ಬೋಲ್ಟಿನಿಂದ ಕೂತಿರುವ ಬೇರೆ ಬೇರೆ ಭಾಗಗಳು. ಇಂದಿನ ಹೆಚ್ಚಿನ ಕಾರುಗಳಲ್ಲಿ ಪ್ರತ್ಯೇಕ ಚಾಸಿಸ್ ಇರುವುದಿಲ್ಲ, ಇಡೀ ಮೈಯೇ ಭಾರ ಹೊರುತ್ತದೆ. ಪಿಕಪ್ ಹಾಗಲ್ಲ. ಲೋಡ್ ಬಾಡಿಯ ಬೋಲ್ಟು ಬಿಚ್ಚಿ ನಾಲ್ಕು ಜನ ಸೇರಿದರೆ ಅದನ್ನು ಎತ್ತಿ ಪಕ್ಕಕ್ಕಿಡಬಹುದು. ಹೊಸಬರು ಮನೆಯಲ್ಲಿ ಕಲಿಯಲು ಪಿಕಪ್ಪಿಗಿಂತ ಒಳ್ಳೆಯ ಗಾಡಿ ಇಲ್ಲ ಎಂದು ನಾನು ಹೇಳುವುದು ಇದಕ್ಕೇ: ಕೆಲಸವನ್ನು ತುಂಡು ಮಾಡಿಕೊಳ್ಳಬಹುದು.

ಇನ್ನು ತುಕ್ಕು. ಕಬ್ಬಿಣ, ನೀರು, ಗಾಳಿಯಲ್ಲಿರುವ ಆಮ್ಲಜನಕ, ಈ ಮೂರೂ ಸೇರಿದಲ್ಲಿ ತುಕ್ಕು ಹುಟ್ಟುತ್ತದೆ. ಮೂರರಲ್ಲಿ ಒಂದನ್ನು ದೂರವಿಟ್ಟರೆ ಹುಟ್ಟುವುದಿಲ್ಲ. ನೀರೆಂದರೆ ಮಳೆಯ ನೀರೇ ಆಗಬೇಕಿಲ್ಲ, ತೇವದ ಹವೆ ಸಾಕು. ನೀರಿನಲ್ಲಿ ಉಪ್ಪಿನ ಅಂಶವಿದ್ದರೆ ಕೆಲಸ ಬಲುಬೇಗ ನಡೆಯುತ್ತದೆ, ಏಕೆಂದರೆ ತುಕ್ಕು ಹಿಡಿಯುವಾಗ ಲೋಹದ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಬಹಳ ಸಣ್ಣ ವಿದ್ಯುತ್ ಹರಿಯುತ್ತಿರುತ್ತದೆ, ಉಪ್ಪುನೀರು ಆ ಹರಿವಿಗೆ ದಾರಿ ಸುಲಭ ಮಾಡಿಕೊಡುತ್ತದೆ. ಕಾರವಾರ, ಮಲ್ಪೆ, ಮಂಗಳೂರು ಕಡೆಯ ಗಾಡಿಗಳು ಬಯಲುಸೀಮೆಯ ಗಾಡಿಗಳಿಗಿಂತ ಬೇಗ ಹಾಳಾಗುವುದು ಈ ಕಾರಣಕ್ಕೆ. ಮಲೆನಾಡಿನಲ್ಲಿ ಸಮುದ್ರವಿಲ್ಲ, ನಿಜ, ಆದರೆ ತಿಂಗಳುಗಟ್ಟಲೆ ಒಣಗದ ಹವೆ ಇದೆ. ಜೊತೆಗೆ ಗೊಬ್ಬರ. ಪೊಟ್ಯಾಷ್ ಎಂದು ಅಂಗಡಿಯಲ್ಲಿ ಕೊಳ್ಳುವ ಗೊಬ್ಬರದಲ್ಲಿ ಹೆಚ್ಚಿನದು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಅಡುಗೆ ಉಪ್ಪಿನ ಹತ್ತಿರದ ನೆಂಟ. ಚೀಲದಿಂದ ಉದುರಿದ ಆ ಹರಳುಗಳು ಲೋಡ್ ಬಾಡಿಯ ಸಂದಿಯಲ್ಲಿ ಕೂತು ತೇವ ಹೀರಿಕೊಳ್ಳುತ್ತವೆ. ತೋಟದ ಪಿಕಪ್ಪಿನ ಹಿಂಭಾಗ ಮುಂಭಾಗಕ್ಕಿಂತ ಮೊದಲು ತೂತು ಬೀಳುವುದಕ್ಕೆ ಇದೂ ಒಂದು ಕಾರಣ.

ತುಕ್ಕಿನ ಇನ್ನೊಂದು ಗುಣ ನಿಮಗೆ ಗೊತ್ತಿರಬೇಕು. ಅಲ್ಯೂಮಿನಿಯಂ ಕೂಡ ಗಾಳಿಯೊಡನೆ ಸೇರಿ ಮೇಲೊಂದು ಪದರ ಕಟ್ಟಿಕೊಳ್ಳುತ್ತದೆ, ಆದರೆ ಆ ಪದರ ಗಟ್ಟಿಯಾಗಿ ಅಂಟಿ ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಕಾಯುವುದಿಲ್ಲ. ಅದು ಸಡಿಲ, ಸರಂಧ್ರ. ನೀರನ್ನು ಹಿಡಿದಿಟ್ಟುಕೊಂಡು ಒಳಗೊಳಗೇ ಮುಂದುವರಿಯುತ್ತದೆ. ಮೂಲ ಲೋಹಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜಾಗವನ್ನೂ ಬೇಡುತ್ತದೆ. ಬಣ್ಣ ಗುಳ್ಳೆ ಏಳುವುದು, ಒಂದರ ಮೇಲೊಂದು ಕೂತ ಎರಡು ತಗಡುಗಳು ಉಬ್ಬಿ ಬಿರಿಯುವುದು ಇದರಿಂದಲೇ. ಹೀಗಾಗಿ ಗುಳ್ಳೆ ಕಂಡ ಕಡೆ ಮೇಲಿನಿಂದ ತಿಕ್ಕಿ ಬಣ್ಣ ಹೊಡೆದರೆ ಏನೂ ಮಾಡಿದಂತಾಗಲಿಲ್ಲ. ಎಷ್ಟೋ ಸಲ ತುಕ್ಕು ಹುಟ್ಟಿರುವುದು ತಗಡಿನ ಆಚೆ ಬದಿಯಲ್ಲಿ. ನಿಮ್ಮ ಕಣ್ಣಿಗೆ ಬಿದ್ದ ಗುಳ್ಳೆ ಅದರ ಕೊನೆಯ ಹಂತ.

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಬಾಗಿಲಿನಿಂದ ಶುರು ಮಾಡಿ, ಏಕೆಂದರೆ ಇಡೀ ಗಾಡಿಯ ಪಾಠ ಅದೊಂದರಲ್ಲೇ ಇದೆ. ಮಳೆ ಬಂದಾಗ ಕಿಟಕಿಯ ಗಾಜಿನ ಮೇಲೆ ಇಳಿಯುವ ನೀರು ಎಲ್ಲಿ ಹೋಗುತ್ತದೆಂದು ಎಂದಾದರೂ ಯೋಚಿಸಿದ್ದೀರಾ? ಗಾಜಿನ ಬುಡದ ರಬ್ಬರ್ ಬೀಡಿಂಗ್ ಎಷ್ಟೇ ಹೊಸದಿದ್ದರೂ ಸ್ವಲ್ಪ ನೀರು ಬಾಗಿಲಿನ ಒಳಕ್ಕೆ ಇಳಿದೇ ಇಳಿಯುತ್ತದೆ. ಇದು ದೋಷವಲ್ಲ, ಬಾಗಿಲನ್ನು ಮಾಡಿದವರಿಗೆ ಇದು ಗೊತ್ತಿತ್ತು. ಅದಕ್ಕೇ ಬಾಗಿಲಿನ ಅಡಿಯ ಅಂಚಿನಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳನ್ನು ಬಿಟ್ಟಿರುತ್ತಾರೆ. ಬಗ್ಗಿ ನೋಡಿ, ಬೆರಳಾಡಿಸಿ. ಹಳೆಯ ಗಾಡಿಯಲ್ಲಿ ಅವು ಧೂಳು, ಎಲೆಪುಡಿ, ಹಿಂದೆ ಯಾರೋ ಹೊಡೆದ ಬಣ್ಣದಿಂದ ಮುಚ್ಚಿಹೋಗಿರುತ್ತವೆ. ನೀರು ಒಳಗೇ ನಿಂತು, ಹೊರತಗಡಿನ ತುದಿಯನ್ನು ಒಳತಗಡಿನ ಮೇಲೆ ಮಡಚಿದ ಸಂದಿಯಲ್ಲಿ ಸೇರಿಕೊಂಡು, ಬಾಗಿಲಿನ ಕೆಳಗಿನ ನಾಲ್ಕು ಬೆರಳಗಲವನ್ನು ತಿಂದುಹಾಕುತ್ತದೆ. ಮೇಲೆ ಬಾಗಿಲು ಗಟ್ಟಿ, ಕೆಳಗೆ ಜಾಲರಿ.

ಇದೇ ಕಣ್ಣಿನಿಂದ ಉಳಿದ ಭಾಗಗಳನ್ನು ನೋಡಿ. ಮುಂದಿನ ಮಡ್ಗಾರ್ಡಿನ ಹಿಂಬದಿಯ ಕೆಳಮೂಲೆ: ಚಕ್ರ ಎರಚಿದ ಕೆಸರು ಒಳಗಡೆ ಕಪಾಟಿನಂಥ ಜಾಗದಲ್ಲಿ ಕೂತು ಬೇಸಿಗೆಯಲ್ಲೂ ತೇವವಾಗಿರುತ್ತದೆ. ಬಾನೆಟ್ ಮುಗಿದು ಮುಂಗಾಜು ಶುರುವಾಗುವಲ್ಲಿರುವ, ಹೊರಗಿನ ಗಾಳಿ ಒಳಹೋಗುವ ತೊಟ್ಟಿಯಂಥ ಜಾಗ: ಮರದಡಿ ನಿಂತ ಗಾಡಿಯಲ್ಲಿ ಇಲ್ಲಿ ಕೊಳೆತ ಎಲೆಯ ಗೊಬ್ಬರವೇ ಸಿಗುತ್ತದೆ. ಚಾಲಕನ ಕಾಲಡಿಯ ಮ್ಯಾಟು: ಮೇಲೆ ಒಣಗಿದ್ದರೂ ಕೆಳಗಿನ ಫೆಲ್ಟ್ ಬಟ್ಟೆ ಒದ್ದೆ ಹಿಡಿದಿರುತ್ತದೆ. ಮ್ಯಾಟನ್ನು ಮೂಲೆಯಿಂದ ಎತ್ತಿ ನೋಡುವುದಲ್ಲ, ಪೂರ್ತಿ ಕಿತ್ತು ಹೊರಗೆ ಹಾಕಿ. ಬ್ಯಾಟರಿ ಕೂರುವ ತಟ್ಟೆಗೆ ನೀರಿನ ಜೊತೆ ಆಮ್ಲವೂ ಸೇರಿರುತ್ತದೆ. ಲೋಡ್ ಬಾಡಿಯ ತಳದಲ್ಲಿ ಅಡ್ಡಕ್ಕೆ ಕೂರಿಸಿದ ಪಟ್ಟಿಗಳಿಗೂ ಮೇಲಿನ ತಗಡಿಗೂ ನಡುವಿನ ಸಂದಿಗೆ ಬಣ್ಣ ತಲುಪಿರುವುದೇ ಇಲ್ಲ, ನೀರು ತಲುಪಿರುತ್ತದೆ. ಕೊನೆಗೆ ಚಾಸಿಸ್. ಅದರ ತೊಲೆ ಪೆಟ್ಟಿಗೆಯಂತೆ ಮುಚ್ಚಿರುವ ಕಡೆ ಒಳಗೆ ಕೆಸರು ಕೂತಿರುತ್ತದೆ. ಲೀಫ್ ಸ್ಪ್ರಿಂಗಿನ ಎರಡು ತುದಿಗಳನ್ನು ಚಾಸಿಸ್ಸಿಗೆ ಹಿಡಿದಿಡುವ ಬ್ರಾಕೆಟ್ಟುಗಳ ಹಿಂದೆಯೂ ಅದೇ ಕಥೆ.

ಪರೀಕ್ಷೆಗೆ ಮೊದಲು ಗಾಡಿಯನ್ನು ತಳದಿಂದ ಮೇಲಿನವರೆಗೆ ನೀರಿನ ಒತ್ತಡದಿಂದ ತೊಳೆಸಿ, ಎರಡು ದಿನ ಬಿಸಿಲಿಗೆ ಬಿಡಿ. ಕೆಸರಿನ ಮೇಲೆ ನಡೆಸಿದ ಪರೀಕ್ಷೆ ಪರೀಕ್ಷೆಯಲ್ಲ. ಆಮೇಲೆ ಒಂದು ಸಣ್ಣ ಸುತ್ತಿಗೆ, ಒಂದು ಹಳೆಯ ಸ್ಕ್ರೂಡ್ರೈವರ್, ಒಂದು ಅಯಸ್ಕಾಂತ, ಒಂದು ಟಾರ್ಚು, ಒಂದು ನೋಟ್‌ಬುಕ್ಕು ತೆಗೆದುಕೊಳ್ಳಿ. ಚಾಸಿಸ್ಸಿನ ಮೇಲೆ ಅಂಗೈಯಗಲ ಬಿಟ್ಟು ಅಂಗೈಯಗಲ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋಗಿ. ಗಟ್ಟಿ ಉಕ್ಕು ಟಣ್ ಎನ್ನುತ್ತದೆ, ಸುತ್ತಿಗೆ ಪುಟಿದು ಹಿಂದೆ ಬರುತ್ತದೆ. ಒಳಗೆ ತಿಂದುಹೋದ ಕಡೆ ಡಬ್ ಎಂಬ ಸತ್ತ ಸದ್ದು, ಪುಟಿತವಿಲ್ಲ. ಅಲ್ಲಿ ಸ್ಕ್ರೂಡ್ರೈವರಿನ ತುದಿ ಇಟ್ಟು ಒತ್ತಿ. ತಗ್ಗಿದರೆ, ಚೂರು ಉದುರಿದರೆ ಸೀಮೆಸುಣ್ಣದಲ್ಲಿ ಸುತ್ತು ಹಾಕಿ. ಅಯಸ್ಕಾಂತವನ್ನು ತೆಳುಬಟ್ಟೆಯಲ್ಲಿ ಸುತ್ತಿ ಬಾಗಿಲು, ಮಡ್ಗಾರ್ಡುಗಳ ಮೇಲೆ ಜಾರಿಸಿ. ಎಳೆತ ಕಡಿಮೆಯಾದ ಕಡೆ ಬಣ್ಣದಡಿ ದಪ್ಪ ಪುಟ್ಟಿ ಇದೆ ಎಂದರ್ಥ. ಪುಟ್ಟಿ ಎಂದರೆ ತಗ್ಗು ತುಂಬಲು ಮೆತ್ತುವ, ಗಟ್ಟಿಯಾಗುವ ಲೇಪ. ಹಿಂದಿನವರು ತೂತನ್ನು ಅದರಿಂದ ಮುಚ್ಚಿಹಾಕಿರುವ ಸಾಧ್ಯತೆ ಹೆಚ್ಚು.

ಸಿಕ್ಕಿದ್ದನ್ನು ಮೂರು ಬಗೆಯಾಗಿ ಬರೆದುಕೊಳ್ಳಿ. ಮೇಲ್ಮೈ ಮಾತ್ರ ಕೆಂಪಾಗಿದ್ದು ಕೆಳಗೆ ಲೋಹ ನುಣುಪಾಗಿದ್ದರೆ ಅದು ಬರಿಯ ಮೇಲ್ತುಕ್ಕು. ತಿಕ್ಕಿದ ಮೇಲೂ ಸಿಡುಬಿನ ಕಲೆಯಂಥ ಗುಳಿಗಳು ಉಳಿದರೆ ಎರಡನೆಯದು, ಲೋಹ ತೆಳುವಾಗಿದೆ, ಆದರೆ ಉಳಿಸಿಕೊಳ್ಳಬಹುದು. ತೂತು ಬಿದ್ದಿದ್ದರೆ ಅಥವಾ ಸ್ಕ್ರೂಡ್ರೈವರ್ ತೂರಿದರೆ ಮೂರನೆಯದು. ಆ ಲೋಹ ಇನ್ನು ಲೋಹವಲ್ಲ, ಕತ್ತರಿಸಿ ತೆಗೆದು ಹೊಸದನ್ನು ಸೇರಿಸುವುದೊಂದೇ ದಾರಿ. ಇಲ್ಲಿ ಒಂದು ಖಡಾಖಂಡಿತ ಮಾತು: ಮೂರನೆಯ ಬಗೆಯ ತುಕ್ಕು ಚಾಸಿಸ್ಸಿನಲ್ಲಿ, ಅದರಲ್ಲೂ ಸ್ಪ್ರಿಂಗ್, ಸ್ಟೀರಿಂಗ್, ಎಂಜಿನ್ ಹಿಡಿದಿರುವ ಜಾಗಗಳ ಬಳಿ ಕಂಡರೆ ಆ ಕೆಲಸವನ್ನು ನೀವು ಮಾಡಬೇಡಿ. ಚಾಸಿಸ್ ಕೆಲಸದಲ್ಲಿ ಪಳಗಿದವರನ್ನು ಕರೆಸಿ ತೋರಿಸಿ. ಬಾಗಿಲಿನ ವೆಲ್ಡಿಂಗ್ ಕಳಚಿದರೆ ಬಾಗಿಲು ಅಲುಗಾಡುತ್ತದೆ ಅಷ್ಟೆ. ಸ್ಪ್ರಿಂಗ್ ಬ್ರಾಕೆಟ್ ಕಳಚಿದರೆ ಪ್ರಾಣ ಹೋಗುತ್ತದೆ.

ಇದೇ ಹಂತದಲ್ಲಿ ಆರ್‌ಸಿ ಪುಸ್ತಕ ತೆಗೆದು ಚಾಸಿಸ್ ನಂಬರ್, ಎಂಜಿನ್ ನಂಬರ್ ತಾಳೆ ನೋಡಿ. ಚಾಸಿಸ್ಸಿನಲ್ಲಿ ನಂಬರ್ ಕೊರೆದಿರುವ ಜಾಗಕ್ಕೆ ಗ್ರೈಂಡರ್ ತಾಗಿಸಬಾರದು. ಕೈಯಿಂದ ಬ್ರಷ್ ಆಡಿಸಿ, ಗ್ರೀಸ್ ಸವರಿ, ಟೇಪ್ ಅಂಟಿಸಿಬಿಡಿ. ಗಾಡಿಯ ಬಣ್ಣ ಬದಲಿಸುವ ಆಸೆಯಿದ್ದರೆ ಅದು ಆರ್‌ಸಿಯಲ್ಲಿ ದಾಖಲಾಗಬೇಕು. ಬೇರೆ ಎಂಜಿನ್ ಕೂರಿಸುವುದು, ಮೈಕಟ್ಟು ಬದಲಿಸುವುದು ಆರ್‌ಟಿಒ ಒಪ್ಪಿಗೆಯಿಲ್ಲದೆ ಆಗದ ಮಾತು. ಮೊದಲಿದ್ದ ಬಣ್ಣವನ್ನೇ ಉಳಿಸಿಕೊಳ್ಳಿ ಎಂಬುದು ನನ್ನ ಸಲಹೆ, ನೋಡಲೂ ಅದೇ ಚಂದ.

ಬಿಚ್ಚುವ ಮೊದಲು ನಿಮ್ಮ ಮೈ ಕಾಯ್ದುಕೊಳ್ಳುವ ವಿಷಯ. ಜಾಕ್ ಎನ್ನುವುದು ಎತ್ತಲು ಮಾತ್ರ, ಹೊತ್ತು ನಿಲ್ಲಲು ಅಲ್ಲ. ಎತ್ತಿದ ಗಾಡಿಯನ್ನು ಉಕ್ಕಿನ ಸ್ಟ್ಯಾಂಡುಗಳ ಮೇಲೆ ಕೂರಿಸಿ, ನೆಲದಲ್ಲಿ ಉಳಿದ ಚಕ್ರಗಳಿಗೆ ಮರದ ತುಂಡುಗಳನ್ನು ಅಡ್ಡ ಕೊಟ್ಟ ಮೇಲಷ್ಟೇ ಅಡಿಗೆ ನುಸುಳಿ. ಸಿಮೆಂಟ್ ಬ್ಲಾಕು, ಇಟ್ಟಿಗೆಗಳನ್ನು ಎಂದಿಗೂ ನಂಬಬೇಡಿ, ಅವು ಮುನ್ಸೂಚನೆ ಇಲ್ಲದೆ ಒಡೆಯುತ್ತವೆ. ಗ್ರೈಂಡರ್ ಹಿಡಿದಾಗ ಕನ್ನಡಕ ಕಡ್ಡಾಯ, ಗಾರ್ಡ್ ಬಿಚ್ಚಿದ ಗ್ರೈಂಡರನ್ನು ಮುಟ್ಟಲೇಬೇಡಿ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಹಳೆಯ ಬ್ರೇಕ್ ಲೈನರಿನಲ್ಲಿ ಆಸ್ಬೆಸ್ಟಾಸ್ ಇರಬಹುದು. ಎರಡರ ಧೂಳೂ ಶ್ವಾಸಕೋಶಕ್ಕೆ ವಿಷ. ಬಣ್ಣವನ್ನು ನೀರು ಹಾಕಿ ಉಜ್ಜಿ, ಬ್ರೇಕ್ ಡ್ರಮ್ಮಿನ ಧೂಳನ್ನು ಗಾಳಿಯಿಂದ ಊದಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ. ವೆಲ್ಡಿಂಗ್ ಮಾಡುವುದಿದ್ದರೆ ಮೊದಲು ಬ್ಯಾಟರಿ ಬಿಚ್ಚಿಡಿ, ಡೀಸೆಲ್ ಟ್ಯಾಂಕನ್ನು ಇಳಿಸಿ ದೂರ ಒಯ್ಯಿರಿ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗೆ ಉರಿಯಬಲ್ಲ ಆವಿ ತುಂಬಿರುತ್ತದೆ.

ಬಿಚ್ಚುವ ಕೆಲಸಕ್ಕೆ ಅವಸರ ಕೂಡದು. ಪ್ರತಿ ಭಾಗವನ್ನೂ ಬಿಚ್ಚುವ ಮುನ್ನ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಬೋಲ್ಟುಗಳನ್ನು ಒಂದೇ ಡಬ್ಬಿಗೆ ಸುರಿಯದೆ, ಭಾಗಕ್ಕೊಂದರಂತೆ ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿ ಚೀಟಿ ಅಂಟಿಸಿ. ತುಕ್ಕಿಗೆ ಕಚ್ಚಿಕೊಂಡ ಬೋಲ್ಟಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ತೆಳು ಎಣ್ಣೆ ಸಿಂಪಡಿಸಿಡಿ, ಅದು ಸಂದಿಗೆ ಇಳಿಯಲು ಹೊತ್ತು ಬೇಕು. ಬೆಳಗ್ಗೆ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ನೇರವಾಗಿ ನಾಲ್ಕು ಪೆಟ್ಟು ಕೊಟ್ಟು, ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಹಿಂದಕ್ಕೆ ಮುಂದಕ್ಕೆ ಆಡಿಸುತ್ತ ಬಂದರೆ ತುಕ್ಕು ಪುಡಿಯಾಗಿ ದಾರಿ ಬಿಡುತ್ತದೆ. ಬಾಯಿ ತೆರೆದ ಸ್ಪಾನರ್ ಬೇಡ, ತಲೆಯನ್ನು ಸುತ್ತಲೂ ಹಿಡಿಯುವ ರಿಂಗ್ ಸ್ಪಾನರ್ ಅಥವಾ ಸಾಕೆಟ್ ಬಳಸಿ. ಟಾಟಾ ಗಾಡಿಗೆ ಮಿಲಿಮೀಟರ್ ಸ್ಪಾನರುಗಳು, ಹಳೆಯ ಜೀಪುಗಳಿಗೆ ಇಂಚಿನ ಸ್ಪಾನರುಗಳು ಬೇಕು. ಕೆಲವು ಹಳೆಯ ಜೀಪುಗಳ ಎಡಬದಿಯ ಚಕ್ರದ ನಟ್ಟುಗಳು ಉಲ್ಟಾ ತಿರುಗುತ್ತವೆ ಎಂಬುದನ್ನೂ ನೆನಪಿಡಿ. ಬಿಡದ ನಟ್ಟೊಂದಕ್ಕೆ ಬಲ ಹಾಕಿ ಮುರಿಯುವ ಮೊದಲು ಅದು ತಿರುಗುವ ದಿಕ್ಕು ಯಾವುದೆಂದು ನೋಡಿ.

ತುಕ್ಕು ತೆಗೆಯುವ ದಾರಿಗಳು ಹಲವು. ದೊಡ್ಡ ಮೇಲ್ಮೈಗೆ ಗ್ರೈಂಡರಿಗೆ ಸಿಕ್ಕಿಸುವ ತಂತಿ ಬ್ರಷ್ ಸಾಕು. ಚಾಸಿಸ್ಸನ್ನು ಮರಳಿನಂಥ ಕಣಗಳನ್ನು ರಭಸದಿಂದ ಊದಿ ಸ್ವಚ್ಛ ಮಾಡಿಸಬಹುದು, ಅದಕ್ಕೆ ಸ್ಯಾಂಡ್ ಬ್ಲಾಸ್ಟಿಂಗ್ ಎನ್ನುತ್ತಾರೆ. ಬಾಗಿಲು, ಬಾನೆಟ್ಟಿನಂಥ ತೆಳು ತಗಡಿಗೆ ಅದನ್ನು ಮಾಡಿಸಿದರೆ ತಗಡು ಅಲೆಅಲೆಯಾಗಿ ಸೊಟ್ಟಗಾಗುತ್ತದೆ. ಮಾಡಿಸುವ ಕಡೆ ನದಿ ಮರಳು ಬಳಸುತ್ತಿದ್ದರೆ ಬೇಡವೆನ್ನಿ. ಅದರ ಸಿಲಿಕಾ ಧೂಳು ಕೆಲಸಗಾರರ ಶ್ವಾಸಕೋಶವನ್ನು ಶಾಶ್ವತವಾಗಿ ಕೆಡಿಸುತ್ತದೆ. ಗಾರ್ನೆಟ್ ಅಥವಾ ಕಾಪರ್ ಸ್ಲ್ಯಾಗ್ ಕಣಗಳಿಂದ ಮಾಡುವವರನ್ನೇ ಹುಡುಕಿ.

ಬಾಗಿಲಿನ ತಿರುಗಣೆ, ಬ್ರಾಕೆಟ್ಟು, ಹಿಂಬಾಗಿಲಿನ ಕೊಂಡಿಗಳಂಥ ಚಿಕ್ಕ ಭಾಗಗಳಿಗೆ ಒಂದು ಸೊಗಸಾದ ಉಪಾಯವಿದೆ. ಪ್ಲಾಸ್ಟಿಕ್ ಟಬ್ಬಿಗೆ ನೀರು ತುಂಬಿ, ಲೀಟರಿಗೆ ಒಂದು ದೊಡ್ಡ ಚಮಚದಂತೆ ಬಟ್ಟೆ ಒಗೆಯುವ ವಾಷಿಂಗ್ ಸೋಡಾ ಕರಗಿಸಿ. ತುಕ್ಕು ಹಿಡಿದ ಭಾಗವನ್ನು ತಂತಿಯಲ್ಲಿ ತೂಗಿಬಿಡಿ, ಎದುರಿಗೆ ಬೇಡದ ಕಬ್ಬಿಣದ ತುಂಡೊಂದನ್ನು ಮುಳುಗಿಸಿ, ಎರಡೂ ಒಂದಕ್ಕೊಂದು ತಾಗಬಾರದು. ಹಳೆಯ ಮಾದರಿಯ 12 ವೋಲ್ಟ್ ಬ್ಯಾಟರಿ ಚಾರ್ಜರಿನ ಋಣ ತುದಿಯನ್ನು, ಅಂದರೆ ಕಪ್ಪು ಕ್ಲಿಪ್ಪನ್ನು, ನಿಮ್ಮ ಭಾಗಕ್ಕೆ ಕಚ್ಚಿಸಿ, ಕೆಂಪನ್ನು ಬೇಡದ ತುಂಡಿಗೆ. ಅದಲುಬದಲಾದರೆ ನಿಮ್ಮ ಭಾಗವೇ ಕರಗುತ್ತದೆ, ಎರಡು ಸಲ ನೋಡಿಕೊಳ್ಳಿ. ಸ್ವಿಚ್ ಹಾಕಿದೊಡನೆ ಸಣ್ಣ ಗುಳ್ಳೆಗಳು ಏಳುತ್ತವೆ. ಒಂದು ರಾತ್ರಿಯಲ್ಲಿ ಕೆಂಪು ತುಕ್ಕು ಕಪ್ಪು ಪುಡಿಯಾಗಿರುತ್ತದೆ, ಬ್ರಷ್‌ನಿಂದ ಉಜ್ಜಿದರೆ ಹೋಗುತ್ತದೆ. ಒಳ್ಳೆಯ ಲೋಹ ಒಂದಿಷ್ಟೂ ಸವೆದಿರುವುದಿಲ್ಲ. ಕೈಯಲ್ಲಿ ಎಷ್ಟು ತಿಕ್ಕಿದರೂ ಕಾಣದ ಅಚ್ಚಿನ ಗುರುತುಗಳು ಎದ್ದು ಕಾಣುವುದನ್ನು ನೋಡುವುದೇ ಒಂದು ಸಂತೋಷ. ಎಚ್ಚರಿಕೆಗಳೂ ಇವೆ. ಏಳುವ ಗುಳ್ಳೆಗಳಲ್ಲಿ ಹೈಡ್ರೋಜನ್ ಇರುತ್ತದೆ, ಅದು ಉರಿಯುವ ಅನಿಲ, ಆದ್ದರಿಂದ ತೆರೆದ ಜಾಗದಲ್ಲೇ ಮಾಡಿ. ಕ್ಲಿಪ್ ಮುಟ್ಟುವ ಮೊದಲು ಸ್ವಿಚ್ ಆರಿಸಿ. ಬೇಡದ ತುಂಡಾಗಿ ಸ್ಟೇನ್‌ಲೆಸ್ ಸ್ಟೀಲ್ ಬಳಸಬೇಡಿ, ನೀರಿಗೆ ವಿಷಕಾರಿ ಕ್ರೋಮಿಯಂ ಬಿಡುತ್ತದೆ. ಸ್ಪ್ರಿಂಗ್ ಮತ್ತು ಗಡಸು ಬೋಲ್ಟುಗಳನ್ನು ಹೀಗೆ ಮುಳುಗಿಸಬೇಡಿ, ಹೈಡ್ರೋಜನ್ ಸೇರಿದ ಗಡಸು ಉಕ್ಕು ಪೆಡಸಾಗಿ ಮುರಿಯುತ್ತದೆ.

ಅಂಗಡಿಯಲ್ಲಿ ರಸ್ಟ್ ಕನ್ವರ್ಟರ್ ಎಂಬ ದ್ರವ ಸಿಗುತ್ತದೆ. ಟ್ಯಾನಿಕ್ ಆಮ್ಲ ಅಥವಾ ಫಾಸ್ಫರಿಕ್ ಆಮ್ಲ ಅದರ ಜೀವಾಳ. ಗುಳಿಗಳ ತಳದಲ್ಲಿ ಉಳಿದ ತೆಳು ತುಕ್ಕನ್ನು ಅದು ಕಪ್ಪಗಿನ ನಿಶ್ಚಲ ಪದರವಾಗಿ ಬದಲಿಸುತ್ತದೆ. ಅಷ್ಟಕ್ಕೇ ಅದರ ಉಪಯೋಗ. ಸಡಿಲ ತುಕ್ಕಿನ ಮೇಲೆ ಸವರಿ ಕೆಲಸ ಮುಗಿಯಿತೆಂದು ತಿಳಿಯಬೇಡಿ.

ಈಗ ಬಾಗಿಲಿನ ತಳಕ್ಕೆ ತೇಪೆ ಹಾಕೋಣ. ನೀವು ಮಾಡುವ ಮೊದಲ ತಗಡಿನ ಕೆಲಸ ಇದೇ ಆಗಲಿ. ತಿಂದುಹೋದ ಭಾಗವನ್ನು ಕತ್ತರಿಸುವಾಗ ತೂತಿನ ಅಂಚಿಗೆ ನಿಲ್ಲಬೇಡಿ, ಬೆಳ್ಳಗೆ ಹೊಳೆಯುವ ಪೂರ್ಣ ದಪ್ಪದ ಲೋಹ ಸಿಗುವವರೆಗೆ ಹೋಗಿ. ಜಿಪುಣತನ ಮಾಡಿ ತೆಳು ಅಂಚನ್ನು ಉಳಿಸಿಕೊಂಡರೆ ವೆಲ್ಡಿಂಗ್ ಕಿಡಿ ಅದನ್ನು ಸುಟ್ಟು ತೂತನ್ನು ಇನ್ನಷ್ಟು ದೊಡ್ಡದು ಮಾಡುತ್ತದೆ. ಕತ್ತರಿಸಿದ ಜಾಗಕ್ಕೆ ರಟ್ಟಿನ ಅಚ್ಚು ತೆಗೆಯಿರಿ, ಮೂಲೆಗಳನ್ನು ದುಂಡಗೆ ಮಾಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿ.ಆರ್. ಶೀಟ್, ಅಂದರೆ ಲೇಪವಿಲ್ಲದ ಉಕ್ಕಿನ ತಗಡು, ಕೇಳಿ, 20 ಗೇಜು, ಸುಮಾರು 0.9 ಮಿ.ಮೀ. ದಪ್ಪ. ಜಿ.ಐ. ಶೀಟ್ ತರಬೇಡಿ, ಅದರ ಸತುವಿನ ಲೇಪ ಸುಟ್ಟಾಗ ಏಳುವ ಹೊಗೆಯಿಂದ ಜ್ವರ ಬರುತ್ತದೆ. ತೇಪೆ ತೂತಿನ ಮೇಲೆ ಕೂರುವಂತಿರದೆ ತೂತಿನೊಳಗೆ ಅಂಚಿಗೆ ಅಂಚು ತಾಗಿ ಕೂರಬೇಕು. ಮೇಲೆ ಕೂರಿಸಿದರೆ ಎರಡು ಪದರದ ನಡುವೆ ಸಂದಿ ಉಳಿಯುತ್ತದೆ. ಸಂದಿ ಎಂದರೆ ನೀರು, ಈಗ ನಿಮಗೇ ಗೊತ್ತು.

ಸಾಮಾನ್ಯ ಆರ್ಕ್ ವೆಲ್ಡಿಂಗ್ ಈ ತೆಳು ತಗಡನ್ನು ಸುಟ್ಟುಬಿಡುತ್ತದೆ. ಮಿಗ್ ಎಂಬ ಯಂತ್ರದಲ್ಲಿ ತೆಳು ತಂತಿ ತಾನೇ ಹೊರಬರುತ್ತಿರುತ್ತದೆ, ಸುತ್ತಲೂ ಹರಿಯುವ ಅನಿಲ ಕಾದ ಲೋಹವನ್ನು ಗಾಳಿಯಿಂದ ಕಾಯುತ್ತದೆ. ಬಾಡಿಗೆಗೂ ಸಿಗುತ್ತದೆ. 0.8 ಮಿ.ಮೀ. ತಂತಿ ಹಾಕಿ, ಮೊದಲು ರದ್ದಿ ತಗಡಿನ ಮೇಲೆ ಕೈ ಪಳಗುವಷ್ಟು ಅಭ್ಯಾಸ ಮಾಡಿ. ಬಾಗಿಲಿನ ಮೇಲೆ ಉದ್ದಕ್ಕೆ ಗೆರೆ ಎಳೆಯಬೇಡಿ. ಒಂದು ಚುಕ್ಕೆ ಇಟ್ಟು, ಎದುರು ತುದಿಗೆ ಹೋಗಿ ಇನ್ನೊಂದು ಚುಕ್ಕೆ, ಆಮೇಲೆ ನಡುವೆ ಒಂದು. ಹೀಗೆ ಮೂರು ನಾಲ್ಕು ಸೆಂಟಿಮೀಟರಿಗೊಂದರಂತೆ ಇಟ್ಟು, ತಣ್ಣಗಾಗಲು ಬಿಟ್ಟು, ಮತ್ತೆ ನಡುವಿನ ಜಾಗ ತುಂಬುತ್ತ ಬನ್ನಿ. ಕೈ ಇಟ್ಟರೆ ಸುಡುವಷ್ಟು ಕಾದಿದ್ದರೆ ಮುಂದಿನ ಚುಕ್ಕೆಗೆ ಕಾಯಿರಿ. ಒಂದೇ ಕಡೆ ಶಾಖ ಸೇರಿದರೆ ತಗಡು ಸುಕ್ಕುಗಟ್ಟುತ್ತದೆ, ಆ ಸುಕ್ಕನ್ನು ನೆಟ್ಟಗೆ ಮಾಡುವುದು ವೆಲ್ಡಿಂಗಿಗಿಂತ ಕಷ್ಟ. ಸಾಧ್ಯವಾದರೆ ನಿಮ್ಮೂರಿನ ಟಿಂಕರಿಂಗ್ ಅಂಗಡಿಯಲ್ಲಿ ನಾಲ್ಕು ದಿನ ಕೂತು ನೋಡಿ. ಗ್ಯಾಸ್ ವೆಲ್ಡಿಂಗಿನ ಜ್ವಾಲೆಯಲ್ಲೇ ತೆಳು ತಗಡು ಸೇರಿಸಿ, ಸುತ್ತಿಗೆ ಮತ್ತು ಕೈಯಚ್ಚಿನ ನಡುವೆ ತಟ್ಟಿ ಮಟ್ಟ ಮಾಡುವ ಹಿರಿಯ ಟಿಂಕರ್‌ಗಳ ಕೈ ನೋಡಿ ಕಲಿಯುವಂಥದ್ದು ಪುಸ್ತಕದಿಂದ ಬರುವುದಿಲ್ಲ.

ಸ್ವಚ್ಛವಾದ ಉಕ್ಕನ್ನು ರಾತ್ರಿ ಬರಿಮೈಯಲ್ಲಿ ಬಿಡಬೇಡಿ, ಬೆಳಗಾಗುವಷ್ಟರಲ್ಲಿ ಕೆಂಪಾಗಿರುತ್ತದೆ. ಅಂದಂದಿನ ಕೆಲಸಕ್ಕೆ ಅಂದೇ ಪ್ರೈಮರ್. ಪ್ರೈಮರ್ ಎಂದರೆ ಲೋಹಕ್ಕೆ ಅಂಟಿ ಮೇಲಿನ ಬಣ್ಣವನ್ನು ಹಿಡಿದುಕೊಳ್ಳುವ ಮೊದಲ ಲೇಪ. ನಮ್ಮಲ್ಲಿ ಗೇಟಿಗೂ ಗಾಡಿಗೂ ರೆಡ್ ಆಕ್ಸೈಡ್ ಹೊಡೆಯುವುದು ರೂಢಿ. ಮೇಲೆ ಬಣ್ಣ ಬೀಳದೆ ಅದೊಂದೇ ತಿಂಗಳುಗಟ್ಟಲೆ ನಿಂತರೆ ತೇವ ಒಳಗಿಳಿಯುತ್ತದೆ. ಎರಡು ಡಬ್ಬಿ ಬೆರೆಸಿ ಹಚ್ಚುವ ಎಪಾಕ್ಸಿ ಪ್ರೈಮರ್ ದುಬಾರಿಯಾದರೂ ತೇವವನ್ನು ತಡೆಯುತ್ತದೆ. ಖರ್ಚು ಕಡಿಮೆ ಮಾಡಲೇಬೇಕಿದ್ದರೆ ಮೇಲಿನ ಬಣ್ಣದಲ್ಲಿ ಮಾಡಿ, ಇದರಲ್ಲಿ ಬೇಡ. ಪುಟ್ಟಿಯನ್ನು ತಗ್ಗು ಮಟ್ಟ ಮಾಡಲು ಎರಡು ಮೂರು ಮಿಲಿಮೀಟರಿಗಿಂತ ದಪ್ಪವಾಗದಂತೆ ಬಳಸಿ. ಬಣ್ಣದ ಕೆಲಸವನ್ನು ಮಳೆಗಾಲಕ್ಕೆ ಇಟ್ಟುಕೊಳ್ಳಬೇಡಿ. ಲೋಡ್ ಬಾಡಿಗೆ, ಚಾಸಿಸ್ಸಿಗೆ ಎನಾಮಲ್ ಬಣ್ಣವನ್ನು ನೀವೇ ಬ್ರಷ್‌ನಲ್ಲಿ ಹಚ್ಚಬಹುದು. ಕ್ಯಾಬಿನ್ನಿಗೆ ಹೊಳಪಿನ ಪಿ.ಯು. (ಪಾಲಿಯುರೆಥೇನ್) ಬಣ್ಣ ಬೇಕಿದ್ದರೆ ಬೂತ್ ಇರುವ ಪೇಂಟರ್ ಬಳಿ ಕೊಡಿ, ಅದರ ಹಾರ್ಡ್‌ನರಿನಲ್ಲಿರುವ ಐಸೊಸಯನೇಟ್ ಉಸಿರಿಗೆ ಅಪಾಯಕಾರಿ. ಸಾಧಾರಣ ಮಾಸ್ಕ್ ಅದನ್ನು ತಡೆಯುವುದಿಲ್ಲ.

ಎಂಜಿನ್ನಿನ ಪಾಠ ಬೇರೆಯೇ ಇದೆ. ಸದ್ಯಕ್ಕೆ ಇಷ್ಟು ಸಾಕು: ವರ್ಷಗಳಿಂದ ನಿಂತ ಎಂಜಿನ್ನಿಗೆ ನೇರವಾಗಿ ಸ್ಟಾರ್ಟರ್ ಕೊಡಬೇಡಿ. ಹಳೆಯ ಡೀಸೆಲ್, ಹಳೆಯ ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ, ಮೊದಲು ಕೈಯಿಂದ ತಿರುಗಿಸಿ ನೋಡಿ. ಬ್ರೇಕಿನ ರಬ್ಬರುಗಳನ್ನೂ ತುಕ್ಕು ಹಿಡಿದ ಉಕ್ಕಿನ ಪೈಪುಗಳನ್ನೂ ಚೆನ್ನಾಗಿ ಕಂಡರೂ ಬದಲಿಸಿಬಿಡಿ. ಬ್ರೇಕ್ ಆಯಿಲ್ ತೇವ ಹೀರುವ ಗುಣದ್ದು, ಪೈಪು ಒಳಗಿನಿಂದಲೂ ತುಕ್ಕು ಹಿಡಿಯುತ್ತದೆ. ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳನ್ನು ಸುತ್ತಿ. ಹಳೆಯ ಭಾಗವನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಬರಿಯ ಹೆಸರು ಹೇಳಿದರೆ ಸಾಲದು. 206ಕ್ಕೆ ಹುಡುಕುವಾಗ ಸಿಯೆರಾ, ಎಸ್ಟೇಟ್ ಭಾಗಗಳನ್ನೂ ಕೇಳಿ ಹೋಲಿಸಿ ನೋಡಿ.

ಬಣ್ಣ ಒಣಗಿದ ಮೇಲೆ ಹೆಚ್ಚಿನವರು ಬಿಟ್ಟುಬಿಡುವ ಕೆಲಸವೊಂದಿದೆ. ಬಾಗಿಲಿನ ಒಳಗೆ, ಮಡ್ಗಾರ್ಡಿನ ಮಡಿಕೆಗಳಲ್ಲಿ, ಚಾಸಿಸ್ಸಿನ ಪೆಟ್ಟಿಗೆಯೊಳಗೆ ಬಣ್ಣ ತಲುಪಿರುವುದಿಲ್ಲ. ಉದ್ದ ಕೊಳವೆಯಿರುವ ಸ್ಪ್ರೇಯಿಂದ ಅಲ್ಲಿಗೆ ಮೇಣದಂಥ ತುಕ್ಕುನಿರೋಧಕವನ್ನು ಊದಿಸಿ, ಅದಕ್ಕೆ ಕ್ಯಾವಿಟಿ ವ್ಯಾಕ್ಸ್ ಎನ್ನುತ್ತಾರೆ. ಸುಟ್ಟ ಎಂಜಿನ್ ಆಯಿಲ್ ಹೊಡೆಯುವ ಹಳೆಯ ಪದ್ಧತಿ ಬೇಡ. ಅದು ರಬ್ಬರ್ ಬುಷ್‌ಗಳನ್ನು ಊದಿಸುತ್ತದೆ, ಮಣ್ಣಿಗೂ ಬಾವಿಗೂ ಸೇರುತ್ತದೆ. ಮೇಣ ಊದಿಸಿದ ಮೇಲೆ ನೀರು ಹೋಗುವ ತೂತುಗಳು ಅದರಿಂದಲೇ ಮುಚ್ಚಿಕೊಂಡಿಲ್ಲವೆಂದು ಖಚಿತ ಮಾಡಿಕೊಳ್ಳಿ. ಇದಕ್ಕೊಂದು ಸುಲಭ ಪರೀಕ್ಷೆ: ಒಂದು ಚೊಂಬು ನೀರನ್ನು ಮುಚ್ಚಿದ ಕಿಟಕಿಯ ಗಾಜಿನ ಮೇಲೆ ನಿಧಾನವಾಗಿ ಸುರಿದು ಬಾಗಿಲಿನ ಅಡಿಯನ್ನು ನೋಡಿ. ಪ್ರತಿ ತೂತಿನಿಂದಲೂ ನೀರು ತೊಟ್ಟಿಕ್ಕಬೇಕು. ತೊಟ್ಟಿಕ್ಕದ ತೂತಿಗೆ ಸೈಕಲ್ ಕಡ್ಡಿಯೊಂದನ್ನು ಮೆಲ್ಲಗೆ ತೂರಿಸಿ ಬಿಡಿಸಿ. ವರ್ಷಕ್ಕೆರಡು ಸಲ, ಮುಂಗಾರಿಗೆ ಮುಂಚೆ ಒಮ್ಮೆ, ದೀಪಾವಳಿಯ ಹೊತ್ತಿಗೆ ಇನ್ನೊಮ್ಮೆ, ಇದನ್ನೇ ಎಲ್ಲ ಬಾಗಿಲುಗಳಿಗೂ ಮಾಡಿ, ಮ್ಯಾಟು ಎತ್ತಿ ನೋಡಿ, ಲೋಡ್ ಬಾಡಿಯ ಸಂದಿಗಳಲ್ಲಿ ಉಳಿದ ಗೊಬ್ಬರವನ್ನು ತೊಳೆದುಬಿಡಿ.